ಸದ್ದಿಲ್ಲದ ಗಣಕಯಂತ್ರದ ಆಯ್ಕೆ

ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಅಂದಿನಿಂದ ಅನೇಕ ಶಾಲೆಗಳ ಹಳೆಯ ಡೆಸ್ಕ್‌ಟಾಪ್ ಗಣಕಯಂತ್ರಗಳು ಬದಲಾವಣೆಯನ್ನು ಬೇಡುತ್ತಿವೆ. ಹಳೆಯದರ ಸ್ಥಾನಕ್ಕೆ ಅಷ್ಟೇ ಗಾತ್ರದ ಪೆಟ್ಟಿಗೆಯನ್ನೇ ತರಬೇಕೆಂಬ ನಿಯಮವೇನೂ ಇಲ್ಲ. ಸದ್ದು ಮಾಡದೆ, ವಿದ್ಯುತ್ತನ್ನು ಮಿತವಾಗಿ ಬಳಸುವ ಅಂಗೈಯಗಲದ ಯಂತ್ರಗಳು ಈಗ ದೊರೆಯುತ್ತವೆ. ಅವು ಹುಣಸಗಿಯಂತಹ ಊರಿನ ಶಾಲೆಗೆ ಎಲ್ಲಿ ಒಪ್ಪುತ್ತವೆ, ಎಲ್ಲಿ ಒಪ್ಪುವುದಿಲ್ಲ ಎಂಬುದನ್ನು ಶಿಕ್ಷಕ ಬಂಧುಗಳೂ ದಾನಿ ಮಹಾಶಯರೂ ಅರಿತಿರುವುದು ಲೇಸೆಂದು ಈ ಕೆಲವು ಮಾತುಗಳು.

ಗಣಕಯಂತ್ರದ ಸದ್ದಿಗೆ ಮೂಲ ಶಾಖ. ಸಂಸ್ಕಾರಕವು ಕೆಲಸ ಮಾಡಿದಷ್ಟೂ ಬಿಸಿಯಾಗುತ್ತದೆ. ಆ ಬಿಸಿಯನ್ನು ಹೊರದೂಡಲು ಬೀಸಣಿಗೆ ತಿರುಗುತ್ತದೆ. ಬೀಸಣಿಗೆಯು ಗಾಳಿಯೊಡನೆ ನಮ್ಮ ಕಪ್ಪುಮಣ್ಣಿನ ಧೂಳನ್ನೂ ಒಳಗೆಳೆಯುತ್ತದೆ. ಧೂಳು ಕಟ್ಟಿದ ಹಾಗೆಲ್ಲ ಶಾಖ ಹೊರಬೀಳದು, ಬೀಸಣಿಗೆ ಇನ್ನಷ್ಟು ವೇಗವಾಗಿ ಸುತ್ತುವುದು. ಆದ್ದರಿಂದ ಹೆಚ್ಚಿದ ಸದ್ದೆಂಬುದು ಯಂತ್ರದ ಏದುಸಿರು. ತರಗತಿಯಲ್ಲಿ ಹರಿಹರನ ರಗಳೆಯನ್ನು ಓದಿಸುತ್ತಿರುವಾಗ ಹತ್ತು ಯಂತ್ರಗಳ ಈ ಬೇರೊಂದು ರಗಳೆ ಯಾರಿಗೆ ಬೇಕು?

2023ರಲ್ಲಿ ಬಂದ ಇಂಟೆಲ್ ಎನ್100 ಎಂಬ ಸಂಸ್ಕಾರಕದ ಶಾಖಮಿತಿ ಕೇವಲ 6 ವ್ಯಾಟ್. ಅದನ್ನುಳ್ಳ ಚಿಕ್ಕ ಯಂತ್ರವು ಬರವಣಿಗೆಯಂತಹ ಕೆಲಸದಲ್ಲಿ ಒಟ್ಟು 12 ವ್ಯಾಟ್ ಬಳಸುತ್ತದೆಂದೂ, ಹಳೆಯ ಪೆಟ್ಟಿಗೆ 70 ವ್ಯಾಟ್ ಬಳಸುತ್ತದೆಂದೂ ಹಿಡಿಯೋಣ. ದಿನಕ್ಕೆ 5 ಗಂಟೆಯಂತೆ 200 ದಿನ ಹತ್ತು ಯಂತ್ರಗಳು ನಡೆದರೆ ಹಳೆಯವಕ್ಕೆ 700 ಯೂನಿಟ್, ಹೊಸವಕ್ಕೆ 120 ಯೂನಿಟ್. ಬಿಲ್ಲಿನ ಉಳಿತಾಯಕ್ಕಿಂತಲೂ ಕರೆಂಟು ಹೋದಾಗಿನ ಲಾಭವೇ ನನಗೆ ದೊಡ್ಡದಾಗಿ ತೋರುತ್ತದೆ. 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧ ಶಕ್ತಿಯನ್ನಷ್ಟೇ ಬಳಸಿದರೂ, ತೆರೆಗಳು ಸೇರಿದಂತೆ ಹೊಸ ಯಂತ್ರಗಳು ಎರಡು ಗಂಟೆಗೂ ಮೀರಿ ನಡೆದಾವು. ಹಳೆಯವು ಒಂದು ಗಂಟೆ ನಿಲ್ಲುವುದೂ ಕಷ್ಟ. ಪಾಠ ನಡುವೆ ತುಂಡಾಗದಿರುವುದು ಸಣ್ಣ ಮಾತಲ್ಲ.

ಆದರೆ ಬೀಸಣಿಗೆಯೇ ಇಲ್ಲದ ಯಂತ್ರವು ತನ್ನ ಲೋಹದ ಮೈಯಿಂದಲೇ ಶಾಖವನ್ನು ಕಳೆದುಕೊಳ್ಳಬೇಕು. ಮೇ ತಿಂಗಳಲ್ಲಿ ಕೋಣೆಯ ಗಾಳಿಯೇ 40 ಡಿಗ್ರಿ ದಾಟಿದರೆ ಅದು ತನ್ನನ್ನು ಕಾಪಾಡಿಕೊಳ್ಳಲು ನಿಧಾನವಾಗುತ್ತದೆ. ಪ್ಲಾಸ್ಟಿಕ್ ಕವಚದ್ದು ಬೇಡ. ಮುಚ್ಚಿದ ಕಪಾಟಿನಲ್ಲಿ ಇಡುವುದೂ ಬೇಡ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿಗೆ ಬದಲಾಗಿ ಎಸ್ಎಸ್‌ಡಿ ಇರಲಿ, ಅದಕ್ಕೆ ಸದ್ದೆಂಬುದೇ ಇಲ್ಲ.

ಕೆಲಸಕ್ಕೆ ತಕ್ಕ ಉಪಕರಣವನ್ನು ಆರಿಸುವುದು ಈ ನೆಲಕ್ಕೆ ಹೊಸತಲ್ಲ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಸಮೀಪದ ಇಸಾಂಪುರದಲ್ಲಿ ಉತ್ಖನನ ಮಾಡಿ, ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಕಾರ್ಯಾಗಾರವನ್ನೇ ಬೆಳಕಿಗೆ ತಂದಿದ್ದಾರೆ. ನಮ್ಮ ಆಯ್ಕೆಯಲ್ಲಿ ಬೆಲೆ, ವಿದ್ಯುತ್ತುಗಳಿಗೂ ಮಿಗಿಲಾಗಿ ನೋಡಬೇಕಾದುದು ಕನ್ನಡ.

ರಾಸ್ಪ್‌ಬೆರಿ ಪೈ ಯಂತ್ರವು ಆರ್ಮ್ ಮಾದರಿಯದು. ಕರ್ನಾಟಕ ಸರ್ಕಾರವು 2025ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಅನಾವರಣಗೊಳಿಸಿದ, ಸುಮಾರು 19,000 ರೂಪಾಯಿಯ ‘ಕಿಯೋ’ ರಿಸ್ಕ್-ಫೈವ್ ಮಾದರಿಯದು. ಎರಡೂ ಸಾಮಾನ್ಯವಾಗಿ ಲಿನಕ್ಸಿನಲ್ಲಿ ನಡೆಯುತ್ತವೆ. ಲಿನಕ್ಸಿನಲ್ಲಿ ಕನ್ನಡ ಬೆರಳಚ್ಚಿಗೆ ತೊಡಕಿಲ್ಲ, ಕೆ.ಪಿ. ರಾವ್ ಅವರ ಧ್ವನ್ಯಾತ್ಮಕ ಕೀಲಿಮಣೆಯ ಜಾಡಿನ ವಿನ್ಯಾಸ ಅಲ್ಲಿಯೂ ಲಭ್ಯ. ತೊಡಕಿರುವುದು ಹಳೆಯ ಕಡತಗಳಲ್ಲಿ. ವಿಂಡೋಸಿನ ‘ನುಡಿ’ಯ ಹಿಂದಿನ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಪ್ರಶ್ನೆಪತ್ರಿಕೆ, ಸ್ಮರಣಸಂಚಿಕೆಗಳ ಲೇಖನಗಳು ಯುನಿಕೋಡಿನಲ್ಲಿಲ್ಲ. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುವುದು! ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಕಳಿಸುವ ಮುನ್ನ ಅವನ್ನೆಲ್ಲ ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವೊತ್ತುಗಳು ಸರಿಯಾಗಿ ಬಂದಿವೆಯೇ ಎಂದು ಕನ್ನಡ ಬಲ್ಲವರೊಬ್ಬರು ಓದಿ ನೋಡಬೇಕು. ಮೂಲ ಪ್ರತಿಯನ್ನು ಬೇರೆಡೆ ಕಾದಿರಿಸಬೇಕು.

ಆದಕಾರಣ ಕಚೇರಿಗೂ ಮುದ್ರಣದ ಕೆಲಸಕ್ಕೂ ವಿಂಡೋಸ್ 11 ನಡೆಯುವ ಇಂಟೆಲ್ ಮಾದರಿಯ ಚಿಕ್ಕ ಯಂತ್ರವೇ ಇರಲೆಂದು ನನ್ನ ಅಭಿಪ್ರಾಯ. ಮಕ್ಕಳ ಅಭ್ಯಾಸಕ್ಕೆ ಲಿನಕ್ಸಿನವು ಸಾಕು. ಹತ್ತನ್ನು ಒಮ್ಮೆಗೇ ಕೊಡಿಸಲಿಚ್ಛಿಸುವ ದಾನಿಗಳು ಮೊದಲು ಒಂದನ್ನು ಮಾರ್ಚಿಯಲ್ಲಿ ತರಿಸಿಕೊಟ್ಟರೆ, ಏಪ್ರಿಲಿನ ಬಿಸಿಲಿನಲ್ಲಿ ಅದರ ನಡೆಯನ್ನು ನೋಡಿ, ಉಳಿದವನ್ನು ಜೂನ್ ತಿಂಗಳ ಶಾಲಾರಂಭಕ್ಕೆ ತರಿಸಬಹುದು.