ಹಾಲನ್ನು ಬರೆದುಕೊಟ್ಟ ವೈದ್ಯರು

ವೈದ್ಯರು ಕೊಡುವ ಚೀಟಿಯಲ್ಲಿ ಮಾತ್ರೆಯ ಹೆಸರೋ ಟಾನಿಕ್ಕಿನ ಹೆಸರೋ ಇರುವುದೆಂಬುದು ನಾವೆಲ್ಲರೂ ಬಲ್ಲ ರೂಢಿ. ಆದರೆ ಕಳೆದ ಶತಮಾನದ ಅರುವತ್ತರ ದಶಕದ ಕೊನೆಯಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನದ ಮಿಸ್ಸಿಸಿಪ್ಪಿ ರಾಜ್ಯದ ಮೌಂಡ್ ಬಾಯೂ ಎಂಬ ಪುಟ್ಟ ಊರಿನ ಆರೋಗ್ಯಕೇಂದ್ರವೊಂದರಲ್ಲಿ, ಅನ್ನವಿಲ್ಲದೆ ಸೊರಗಿ ಮತ್ತೆ ಮತ್ತೆ ಸೋಂಕಿಗೆ ಈಡಾಗುತ್ತಿದ್ದ ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರ ಕೈಗೆ ವೈದ್ಯರಿತ್ತ ಚೀಟಿಗಳಲ್ಲಿ ಇಷ್ಟು ಹಾಲು, ಇಷ್ಟು ಮಾಂಸ, ಇಷ್ಟು ತರಕಾರಿ, ಇಷ್ಟು ಹಣ್ಣು ಎಂದು ಬರೆದಿತ್ತು. ಆ ಚೀಟಿಯನ್ನು ಹಿಡಿದು ಕಪ್ಪುಜನರು ನಡೆಸುತ್ತಿದ್ದ ದಿನಸಿ ಅಂಗಡಿಗೆ ಹೋದರೆ ಅಂಗಡಿಯವನು ಸಾಮಾನನ್ನು ಕಟ್ಟಿಕೊಟ್ಟು ಲೆಕ್ಕವನ್ನು ಆರೋಗ್ಯಕೇಂದ್ರಕ್ಕೆ ಕಳುಹಿಸುತ್ತಿದ್ದನು. ಔಷಧಕ್ಕೆಂದು ಮೀಸಲಿಟ್ಟ ಹಣದಿಂದಲೇ ಅದು ಸಲ್ಲುತ್ತಿತ್ತು. ಈ ಸಂಗತಿ ರಾಜ್ಯದ ಗವರ್ನರರ ಕಿವಿಗೆ ಬಿದ್ದು, ಅಲ್ಲಿಂದ ವಾಷಿಂಗ್ಟನ್ನಿಗೆ ದೂರು ಹೋಗಿ, ಹಣವನ್ನು ಒದಗಿಸಿದ್ದ ಇಲಾಖೆಯ ಅಧಿಕಾರಿಯೊಬ್ಬರು ಬಂದು ಔಷಧದ ಹಣ ಔಷಧಕ್ಕಲ್ಲದೆ ಬೇರೆಯದಕ್ಕೆ ಸಲ್ಲಕೂಡದೆಂದು ಆಕ್ಷೇಪಿಸಿದಾಗ, ಕೇಂದ್ರದ ಸ್ಥಾಪಕರಲ್ಲೊಬ್ಬರಾದ ಡಾಕ್ಟರ್ ಜ್ಯಾಕ್ ಗೈಗರ್ ಅವರು, ಪೋಷಣೆಯ ಕೊರತೆಯೆಂಬ ರೋಗಕ್ಕೆ ವೈದ್ಯಗ್ರಂಥಗಳು ವಿಧಿಸಿರುವ ಮದ್ದು ಆಹಾರವೇ ಎಂದು ಉತ್ತರಕೊಟ್ಟರು. ಚೀಟಿ ಬರೆಯುವ ಕೆಲಸ ನಿಲ್ಲಲಿಲ್ಲ.

ಅಷ್ಟೊಂದು ಸಿರಿವಂತ ದೇಶದಲ್ಲಿ ಇಂತಹ ಕೇಂದ್ರಕ್ಕೆ ಏನು ಕೆಲಸ ಎಂದು ಓದುಗರಿಗೆ ಅನ್ನಿಸುವುದು ಸಹಜ. ನಮ್ಮಲ್ಲಿ ೧೯೪೬ರ ಭೋರ್ ಸಮಿತಿಯ ವರದಿಯಿಂದ ಮೊಳೆತ ಪ್ರಾಥಮಿಕ ಆರೋಗ್ಯಕೇಂದ್ರಗಳಿವೆ. ಅವುಗಳ ಕುಂದುಕೊರತೆಗಳನ್ನು ಎಷ್ಟೇ ಎಣಿಸಿದರೂ, ಹಣವಿಲ್ಲದವನು ಹೋಗಿ ನಿಲ್ಲಬಹುದಾದ ಬಾಗಿಲು ಸರ್ಕಾರದ್ದೇ ಎಂಬುದನ್ನು ನಾವು ಪ್ರಶ್ನಿಸದೆ ಒಪ್ಪಿಕೊಂಡಿದ್ದೇವೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಚಿಕಿತ್ಸೆಯ ವೆಚ್ಚವನ್ನು ಭರಿಸುವುದು ವಿಮೆ; ವಿಮೆಯು ಬಹುಮಟ್ಟಿಗೆ ಉದ್ಯೋಗದೊಡನೆ ಬರುವುದು, ಉದ್ಯೋಗದೊಡನೆಯೇ ಹೋಗುವುದು. ಅರುವತ್ತೈದು ವರ್ಷ ತುಂಬಿದವರಿಗೆ ಮೆಡಿಕೇರ್, ಕಡುಬಡವರಿಗೆ ಮೆಡಿಕೇಡ್ ಎಂಬ ಎರಡು ಸರ್ಕಾರಿ ಯೋಜನೆಗಳು ೧೯೬೫ರಲ್ಲಿ ಏರ್ಪಟ್ಟವಾದರೂ, ಎರಡನೆಯದಕ್ಕೆ ಯಾರು ಅರ್ಹರೆಂಬುದನ್ನು ಬಹುಪಾಲು ಆಯಾ ರಾಜ್ಯವೇ ಗೊತ್ತುಮಾಡುವುದರಿಂದ, ಸಣ್ಣ ಅಂಗಡಿಯಲ್ಲಿ ದುಡಿಯುವವಳು, ಹೊಲದಿಂದ ಹೊಲಕ್ಕೆ ಅಲೆಯುವ ಕೂಲಿಕಾರ, ವಲಸೆಯ ಕಾಗದಪತ್ರಗಳಿಲ್ಲದವನು, ಇವರೆಲ್ಲ ಎರಡು ಯೋಜನೆಗಳ ನಡುವಣ ಸಂದಿನಲ್ಲಿ ಬೀಳುತ್ತಾರೆ. ೨೦೧೦ರ ಹೊಸ ಕಾಯಿದೆ ಆ ಸಂದನ್ನು ಬಹಳ ಮಟ್ಟಿಗೆ ಕಿರಿದುಗೊಳಿಸಿತು. ಆದರೂ ೨೦೨೩ರಲ್ಲಿ ಸುಮಾರು ಎರಡು ಕೋಟಿ ಅರುವತ್ತು ಲಕ್ಷ ಜನ ಯಾವ ವಿಮೆಯೂ ಇಲ್ಲದೆ ಇದ್ದರು. ಪ್ರಾಣಾಪಾಯದಲ್ಲಿ ಬಂದವರನ್ನು ಆಸ್ಪತ್ರೆಯ ತುರ್ತುವಿಭಾಗವು ಹಿಂದಕ್ಕೆ ಕಳುಹಿಸಕೂಡದೆಂದು ೧೯೮೬ರ ಕಾನೂನು ಹೇಳುತ್ತದೆ ನಿಜ. ಪ್ರಾಣ ಉಳಿದ ಮೇಲೆ ಬರುವ ಬಿಲ್ಲನ್ನು ಅದು ತಡೆಯುವುದಿಲ್ಲ, ಪ್ರಾಣಕ್ಕೆ ಅಪಾಯ ಒದಗುವ ಮುನ್ನ ರಕ್ತದೊತ್ತಡವನ್ನು ನೋಡಿ ಗುಳಿಗೆ ಕೊಡುವ ಹೊಣೆಯನ್ನೂ ಅದು ಯಾರ ಮೇಲೂ ಹೊರಿಸುವುದಿಲ್ಲ.

ಈ ಸಂದಿನಲ್ಲಿ ಬಿದ್ದವರಿಗಾಗಿ ಹುಟ್ಟಿದುದೇ ಸಮುದಾಯ ಆರೋಗ್ಯಕೇಂದ್ರ. ಅದರ ಬೇರನ್ನು ಹುಡುಕುತ್ತ ಹೋದರೆ ನಾವು ತಲಪುವುದು ಅಮೆರಿಕವನ್ನಲ್ಲ, ದಕ್ಷಿಣ ಆಫ್ರಿಕವನ್ನು. ಅಲ್ಲಿನ ನಟಾಲ್ ಪ್ರಾಂತದ ಫೊಲೇಲ ಎಂಬ ಝುಲು ಜನರ ಸೀಮೆಯಲ್ಲಿ ೧೯೪೦ರಲ್ಲಿ ಸಿಡ್ನಿ ಕಾರ್ಕ್ ಮತ್ತು ಎಮಿಲಿ ಕಾರ್ಕ್ ಎಂಬ ವೈದ್ಯ ದಂಪತಿಗಳು ಒಂದು ಕೇಂದ್ರವನ್ನು ತೆರೆದರು. ಬಂದ ರೋಗಿಗೆ ಮದ್ದು ಕೊಟ್ಟು ಕಳುಹಿಸುವುದರಲ್ಲಿ ಅವರಿಗೆ ತೃಪ್ತಿಯಿರಲಿಲ್ಲ. ಸ್ಥಳೀಯರಿಗೇ ತರಬೇತಿಯಿತ್ತು ಮನೆಮನೆಗೂ ಕಳುಹಿಸಿ, ಯಾರ ಮನೆಯಲ್ಲಿ ಎಷ್ಟು ಜನ, ಏನು ಉಣ್ಣುತ್ತಾರೆ, ನೀರು ಎಲ್ಲಿಂದ ತರುತ್ತಾರೆ, ಯಾವ ಕೂಸು ಯಾವ ಕಾರಣದಿಂದ ತೀರಿಕೊಂಡಿತು ಎಂಬುದನ್ನೆಲ್ಲ ಬರೆಸಿ, ಊರನ್ನೇ ಒಬ್ಬ ರೋಗಿಯಂತೆ ಭಾವಿಸಿ ಪರೀಕ್ಷಿಸಿದರು. ಹಿತ್ತಲಲ್ಲಿ ತರಕಾರಿಯ ಮಡಿಗಳು ಬಂದವು, ಗುಂಡಿಯ ಕಕ್ಕಸುಗಳು ಬಂದವು. ವರ್ಣಭೇದದ ಸರ್ಕಾರ ಬಂದ ಮೇಲೆ ಆ ಪ್ರಯೋಗಕ್ಕೆ ಉಸಿರುಕಟ್ಟಿ, ೧೯೫೮ರಲ್ಲಿ ಕಾರ್ಕ್ ದಂಪತಿಗಳು ದೇಶವನ್ನೇ ಬಿಡಬೇಕಾಯಿತು. ಆದರೆ ಅದಕ್ಕೆ ಒಂದು ವರ್ಷ ಮುಂಚೆ, ವೈದ್ಯಶಿಕ್ಷಣದ ಕೊನೆಯ ವರ್ಷದಲ್ಲಿದ್ದ ಅಮೆರಿಕದ ತರುಣನೊಬ್ಬನು ಅಲ್ಲಿ ಕೆಲವು ತಿಂಗಳು ಇದ್ದು ಎಲ್ಲವನ್ನೂ ಕಣ್ಣಾರೆ ಕಂಡು ಹೋಗಿದ್ದನು. ಅವನೇ ಜ್ಯಾಕ್ ಗೈಗರ್.

ಗೈಗರ್ ಅವರು ನ್ಯೂಯಾರ್ಕಿನ ಬಿಳಿಯರ ಮನೆಯ ಹುಡುಗ. ಇನ್ನೂ ಎಳೆಯ ವಯಸ್ಸಿನಲ್ಲಿಯೇ ಮನೆ ಬಿಟ್ಟು ಹೋಗಿ, ಹಾರ್ಲೆಮ್ಮಿನಲ್ಲಿದ್ದ ಕೆನಡಾ ಲೀ ಎಂಬ ಕಪ್ಪು ನಟನ ಮನೆಯಲ್ಲಿ ಆಶ್ರಯ ಪಡೆದವರು. ಮೊದಲು ಪತ್ರಕರ್ತರಾಗಿದ್ದು ಅನಂತರ ವೈದ್ಯರಾದವರು. ೧೯೬೪ರ ಬೇಸಗೆಯಲ್ಲಿ ಕಪ್ಪುಜನರ ಮತದಾನದ ಹಕ್ಕಿಗಾಗಿ ಹೋರಾಡಲು ಮಿಸ್ಸಿಸಿಪ್ಪಿಗೆ ಹೋದ ತರುಣ ತರುಣಿಯರ ಯೋಗಕ್ಷೇಮವನ್ನು ನೋಡಿಕೊಳ್ಳಲು ಹೊರಟ ವೈದ್ಯರ ತಂಡದಲ್ಲಿ ಅವರೂ ಇದ್ದರು. ಫೊಲೇಲದಲ್ಲಿ ಕಂಡ ಬಡತನವನ್ನು ನೋಡಲು ಸಮುದ್ರವನ್ನು ದಾಟಬೇಕಾಗಿರಲಿಲ್ಲವೆಂಬುದು ಅಲ್ಲಿ ಅವರಿಗೆ ಮನವರಿಕೆಯಾಯಿತು. ಅಧ್ಯಕ್ಷ ಲಿಂಡನ್ ಜಾನ್ಸನ್ನರು ಬಡತನದ ಮೇಲೆ ಯುದ್ಧವನ್ನು ಸಾರಿದ್ದ ಕಾಲವದು. ಗೈಗರ್ ಮತ್ತು ಅವರ ಸಹೋದ್ಯೋಗಿ ಕೌಂಟ್ ಗಿಬ್ಸನ್ ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ಎರಡು ಕೇಂದ್ರಗಳಿಗಾಗಿ ಹಣ ಕೇಳಿದರು: ಒಂದು ಬಾಸ್ಟನ್ನಿನ ಅಂಚಿನಲ್ಲಿ, ಕಸ ಸುರಿಯುವ ತಾಣದ ಮಗ್ಗುಲಲ್ಲಿ ಬಡವರಿಗಾಗಿ ಕಟ್ಟಿದ್ದ ಕೊಲಂಬಿಯಾ ಪಾಯಿಂಟ್ ವಸತಿಗೆ, ಇನ್ನೊಂದು ಮಿಸ್ಸಿಸಿಪ್ಪಿಗೆ. ಮೊದಲನೆಯದು ೧೯೬೫ರ ಡಿಸೆಂಬರಿನಲ್ಲಿ ತೆರೆಯಿತು. ದಕ್ಷಿಣದ ಕೇಂದ್ರವನ್ನು ಉತ್ತರದ ವಿಶ್ವವಿದ್ಯಾನಿಲಯವೊಂದು ನಡೆಸಬೇಕಾದುದಕ್ಕೆ ಒಂದು ಕಾರಣವುಂಟು: ಬಡತನದ ನಿವಾರಣೆಗೆ ಬರುವ ಹಣವನ್ನು ತಡೆಹಿಡಿಯುವ ಅಧಿಕಾರ ರಾಜ್ಯದ ಗವರ್ನರರಿಗಿತ್ತು, ಆದರೆ ವಿಶ್ವವಿದ್ಯಾನಿಲಯಕ್ಕೆ ಕೊಟ್ಟ ಹಣಕ್ಕೆ ಆ ತಡೆ ತಾಗುತ್ತಿರಲಿಲ್ಲ.

ಮೌಂಡ್ ಬಾಯೂ ಸಾಮಾನ್ಯವಾದ ಊರಲ್ಲ. ದಾಸ್ಯದಿಂದ ಬಿಡುಗಡೆ ಹೊಂದಿದವರೇ ಸೇರಿ ೧೮೮೭ರಲ್ಲಿ ಕಾಡನ್ನು ಕಡಿದು ಕಟ್ಟಿದ, ಕಪ್ಪುಜನರದೇ ಆದ ಊರು. ಅಲ್ಲಿನ ಪರಸ್ಪರ ಸಹಾಯ ಸಂಘವೊಂದು ಸದಸ್ಯರ ಚಂದಾಹಣದಿಂದ ೧೯೪೨ರಲ್ಲಿಯೇ ತನ್ನದೇ ಆದ ಆಸ್ಪತ್ರೆಯನ್ನು ತೆರೆದಿತ್ತು. ಆದರೆ ಊರಿನ ಸುತ್ತಣ ಬೊಲಿವರ್ ಕೌಂಟಿಯ ಹೊಲಗಳಲ್ಲಿ ಪಾಲಿಗೆ ಉಳುತ್ತಿದ್ದ, ಹತ್ತಿ ಬಿಡಿಸುತ್ತಿದ್ದ ಒಕ್ಕಲುಗಳ ಪಾಡು ಬೇರೆ. ಹತ್ತಿ ಬಿಡಿಸುವ ಯಂತ್ರ ಬಂದಿತು, ಕಳೆ ಕೊಲ್ಲುವ ರಾಸಾಯನಿಕ ಬಂದಿತು. ತಲೆಮಾರುಗಳಿಂದ ದುಡಿದವರ ಕೈಗಳು ಒಮ್ಮೆಗೇ ಬರಿದಾದವು. ಕೈಯಲ್ಲಿ ಕೆಲಸವಿಲ್ಲ, ಗುಡಿಸಲಲ್ಲಿ ನೀರಿಲ್ಲ, ಭೂಲೋಕದಲ್ಲಿಯೇ ಅತ್ಯಂತ ಫಲವತ್ತಾದ ಮಣ್ಣುಗಳಲ್ಲೊಂದರ ಮೇಲೆ ಮಕ್ಕಳು ಹಸಿದು ಮಲಗುತ್ತಿದ್ದರು. ೧೯೬೭ರಲ್ಲಿ ಕೇಂದ್ರದ ಬಾಗಿಲು ತೆರೆದಾಗ ಒಳಗೆ ಬಂದುದು ಈ ಜನ.

ಇಲ್ಲಿ ಗೈಗರ್ ಅವರ ಹೆಸರಿಗಿಂತ ಹೆಚ್ಚಾಗಿ ನೆನೆಯಬೇಕಾದುದು ಜಾನ್ ಹ್ಯಾಚ್ ಎಂಬುವರ ಹೆಸರೆಂದು ನನ್ನ ಭಾವನೆ. ಜನಸಂಘಟನೆಯ ಕೆಲಸವನ್ನು ಹೊತ್ತಿದ್ದ ಅವರು ಕೇಂದ್ರವನ್ನು ಕಟ್ಟುವ ಮೊದಲೇ ಚರ್ಚುಗಳಲ್ಲಿ, ಮನೆಯಂಗಳಗಳಲ್ಲಿ ಜನರನ್ನು ಕೂಡಿಸಿ, ನಿಮಗೆ ಬೇಕಾದುದೇನು ಎಂದು ಕೇಳುತ್ತ ನಡೆದರು. ಜನ ಮೊದಲು ಹೇಳಿದುದು ಕಾಯಿಲೆಯ ಮಾತನ್ನಲ್ಲ. ಅನ್ನದ ಮಾತನ್ನು, ಕೆಲಸದ ಮಾತನ್ನು, ಮನೆಯ ಮಾತನ್ನು. ಅದಕ್ಕೆ ತಕ್ಕಂತೆ ಆರೋಗ್ಯಕೇಂದ್ರವು ಬಾವಿ ತೋಡಿಸಿತು, ಕಕ್ಕಸು ಕಟ್ಟಿಸಿತು, ಮನೆಗಳ ರಿಪೇರಿಗೆ ಕೈಹಾಕಿತು. ದಿನಸಿಯ ಚೀಟಿ ತತ್ಕಾಲದ ಉಪಶಮನ ಮಾತ್ರವೆಂಬುದು ಎಲ್ಲರಿಗೂ ತಿಳಿದಿತ್ತು. ಬೇಸಾಯವೊಂದೇ ಕಲಿತ ಜನಕ್ಕೆ ಭೂಮಿಯೊಂದೇ ಇಲ್ಲದಿರುವಾಗ ಭೂಮಿಯನ್ನು ಗೇಣಿಗೆ ಹಿಡಿಯೋಣವೆಂಬ ಯೋಚನೆ ಹುಟ್ಟಿ, ಸುಮಾರು ಒಂದು ಸಾವಿರ ಕುಟುಂಬಗಳು ಸೇರಿ ಉತ್ತರ ಬೊಲಿವರ್ ಕೌಂಟಿ ಕೃಷಿ ಸಹಕಾರ ಸಂಘವನ್ನು ಸ್ಥಾಪಿಸಿದವು. ನೂರಾರು ಎಕರೆಗಳಲ್ಲಿ, ಹತ್ತಿಯನ್ನಲ್ಲ, ತಮ್ಮ ಮಕ್ಕಳು ಉಣ್ಣುವ ತರಕಾರಿಯನ್ನು ಅವರು ಬೆಳೆದರು. ದುಡಿಮೆಯ ಪ್ರತಿಫಲವಾಗಿ ಒಂದು ಪಾಲು ಹಣವನ್ನು, ಒಂದು ಪಾಲು ಬೆಳೆಯನ್ನು ಪಡೆದರು. ವೈದ್ಯನ ಚೀಟಿಯಿಂದ ಹೊರಟ ಹಾದಿ ಹೀಗೆ ನೇಗಿಲಗೆರೆಯವರೆಗೆ ಹೋಯಿತು.

ಪಾಲಿಗೆ ಉಳುವವರ ಮಗಳಾಗಿ ಹುಟ್ಟಿದ ಎಲ್. ಸಿ. ಡಾರ್ಸಿ ಎಂಬಾಕೆ ಈ ಕೇಂದ್ರದ ಕೆಲಸಕ್ಕೆ ಸೇರಿ, ಸಹಕಾರ ಸಂಘದ ನಿರ್ದೇಶಕಿಯಾಗಿ, ಮುಂದೆ ಓದಿ ಡಾಕ್ಟರೇಟ್ ಪಡೆದು, ೧೯೮೮ರಲ್ಲಿ ಅದೇ ಕೇಂದ್ರಕ್ಕೆ ಮುಖ್ಯಾಧಿಕಾರಿಯಾಗಿ ಮರಳಿದರು. ಯಾವ ಜನರಿಗಾಗಿ ಕೇಂದ್ರವನ್ನು ತೆರೆಯಲಾಯಿತೋ ಆ ಜನರಲ್ಲೊಬ್ಬಳು ಕೇಂದ್ರದ ಗಾದಿಯಲ್ಲಿ ಕುಳಿತ ಈ ಸಂಗತಿಯಲ್ಲಿ, ಇಡೀ ಪ್ರಯತ್ನದ ಹುರುಳು ಅಡಗಿದೆ.

ಏಕೆಂದರೆ ಸಮುದಾಯ ಆರೋಗ್ಯಕೇಂದ್ರವನ್ನು ಧರ್ಮಾಸ್ಪತ್ರೆಯೆಂದು ತಿಳಿದರೆ ತಪ್ಪಾದೀತು. ಧರ್ಮಾಸ್ಪತ್ರೆಯಲ್ಲಿ ಕೊಡುವವನೊಬ್ಬ, ಕೈಯೊಡ್ಡುವವನೊಬ್ಬ. ಕೊಡುವವನ ಮನಸ್ಸು ತಿರುಗಿದರೆ ಬಾಗಿಲು ಮುಚ್ಚಿತು. ಅಮೆರಿಕದಲ್ಲಿಯೂ ಅಂತಹ ಉಚಿತ ಚಿಕಿತ್ಸಾಲಯಗಳು ಬಹಳವಿವೆ, ಸ್ವಯಂಸೇವಕ ವೈದ್ಯರ ದಯೆಯಿಂದ ಅವು ನಡೆಯುತ್ತವೆ, ಅವುಗಳ ಸೇವೆಯನ್ನು ಕಿರಿದುಮಾಡುವುದು ನನ್ನ ಉದ್ದೇಶವಲ್ಲ. ಆದರೆ ೧೯೭೫ರ ಕಾನೂನು ಸಮುದಾಯ ಆರೋಗ್ಯಕೇಂದ್ರಕ್ಕೆ ಬೇರೊಂದು ತಳಹದಿಯನ್ನು ಹಾಕಿತು: ಸಂಯುಕ್ತ ಸರ್ಕಾರದ ಹಣವನ್ನು ಪಡೆಯುವ ಇಂತಹ ಪ್ರತಿಯೊಂದು ಲಾಭರಹಿತ ಕೇಂದ್ರದ ಆಡಳಿತ ಮಂಡಲಿಯಲ್ಲಿ ಬಹುಮತ, ಎಂದರೆ ನೂರಕ್ಕೆ ಐವತ್ತೊಂದು ಪಾಲಾದರೂ, ಅಲ್ಲಿಯೇ ಚಿಕಿತ್ಸೆ ಪಡೆಯುವ ರೋಗಿಗಳದಾಗಿರಬೇಕು. ಕೇಂದ್ರದ ಮುಖ್ಯಸ್ಥರನ್ನು ನೇಮಿಸುವುದೂ ವಜಾಮಾಡುವುದೂ, ಯಾವ ವೇಳೆಯಲ್ಲಿ ಬಾಗಿಲು ತೆರೆಯಬೇಕೆಂಬುದೂ, ಆಯವ್ಯಯದ ಪಟ್ಟಿಯೂ ಆ ಮಂಡಲಿಯ ಕೈಯಲ್ಲಿವೆ. ಸಂಜೆಯವರೆಗೆ ಕೂಲಿಗೆ ಹೋಗುವವನಿಗೆ ಹಗಲು ಹನ್ನೊಂದಕ್ಕೆ ತೆರೆದ ಚಿಕಿತ್ಸಾಲಯದಿಂದ ಪ್ರಯೋಜನವಿಲ್ಲವೆಂಬುದನ್ನು ಕೂಲಿಗೆ ಹೋಗುವವನೇ ಚೆನ್ನಾಗಿ ಹೇಳಬಲ್ಲನು.

ಇಂದು ಆ ದೇಶದಲ್ಲಿ ಸುಮಾರು ೧,೪೦೦ ಇಂತಹ ಸಂಸ್ಥೆಗಳಿದ್ದು, ವರ್ಷಕ್ಕೆ ಮೂರು ಕೋಟಿಗೂ ಮಿಕ್ಕಿದ ಜನರ ಆರೋಗ್ಯವನ್ನು ನೋಡಿಕೊಳ್ಳುತ್ತಿವೆ. ಐದಾರು ರೋಗಿಗಳಲ್ಲಿ ಒಬ್ಬರಿಗೆ ಯಾವ ವಿಮೆಯೂ ಇಲ್ಲ. ಹೊಸದಾಗಿ ಬಂದವರನ್ನು ಕೌಂಟರಿನಲ್ಲಿ ಕೇಳುವುದು ಮನೆಯಲ್ಲಿ ಎಷ್ಟು ಜನ, ಸಂಪಾದನೆ ಎಷ್ಟು ಎಂಬುದನ್ನು. ಸರ್ಕಾರ ಗೊತ್ತುಮಾಡಿದ ಬಡತನದ ರೇಖೆಗಿಂತ ಆದಾಯ ಕೆಳಗಿದ್ದರೆ ಶುಲ್ಕವಿಲ್ಲ, ಇದ್ದರೂ ಹೆಸರಿಗೆ ಮಾತ್ರ. ಆ ರೇಖೆಯ ಎರಡರಷ್ಟರವರೆಗೆ ಆದಾಯಕ್ಕೆ ತಕ್ಕ ರಿಯಾಯಿತಿ. ಅದಕ್ಕೂ ಮೇಲಾದರೆ ಪೂರ್ಣ ಶುಲ್ಕ. ಹಣ ಕೊಡಲಾರರೆಂಬ ಕಾರಣದಿಂದ ಯಾರನ್ನೂ ಹಿಂದಕ್ಕೆ ಕಳುಹಿಸುವಂತಿಲ್ಲ. ಬಸುರಿಯರ ಆರೈಕೆ, ಮಕ್ಕಳ ಚುಚ್ಚುಮದ್ದು, ಹಲ್ಲಿನ ತಪಾಸಣೆ, ಸಕ್ಕರೆ ಕಾಯಿಲೆ, ಮನೋರೋಗ ಎಲ್ಲವನ್ನೂ ಆದಷ್ಟು ಒಂದೇ ಸೂರಿನಡಿ ನೋಡುತ್ತಾರೆ. ಇಂಗ್ಲಿಷ್ ಬಾರದವರಿಗೆ ದುಭಾಷಿಯನ್ನೂ, ವಾಹನವಿಲ್ಲದವರಿಗೆ ಬರಲು ನೆರವನ್ನೂ ಒದಗಿಸುವುದು ಕೃಪೆಯಲ್ಲ, ನಿಯಮ. ಸಾಲ ಮಾಡಿ ವೈದ್ಯಶಿಕ್ಷಣ ಪಡೆದವರು ಇಂತಹ ಕಡೆ ಗೊತ್ತಾದ ಅವಧಿ ದುಡಿದರೆ ಅವರ ಸಾಲವನ್ನು ತೀರಿಸಲು ಸರ್ಕಾರ ನೆರವಾಗುವ ಯೋಜನೆಯಿಂದ ವೈದ್ಯರೂ ದೊರೆಯುತ್ತಾರೆ.

ಕೊರತೆಗಳಿಲ್ಲವೆಂದು ಹೇಳಲಾರೆ. ಹೃದಯದ ಶಸ್ತ್ರಚಿಕಿತ್ಸೆಯೋ ಅರ್ಬುದದ ಚಿಕಿತ್ಸೆಯೋ ಬೇಕಾದ ವಿಮಾರಹಿತನನ್ನು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರೆ, ಅಲ್ಲಿ ಅವನನ್ನು ಸೇರಿಸಿಕೊಳ್ಳುವವರನ್ನು ಹುಡುಕುವುದೇ ಒಂದು ಸಾಹಸ. ಸಂಯುಕ್ತ ಸರ್ಕಾರದ ಹಣಕ್ಕೆ ಆಗಾಗ ಶಾಸನಸಭೆಯ ಹೊಸ ಒಪ್ಪಿಗೆ ಬೇಕು. ೨೦೧೭ರ ಸೆಪ್ಟೆಂಬರಿನ ಕೊನೆಗೆ ಅವಧಿ ತೀರಿದ ಅನುದಾನದ ಮುಖ್ಯಭಾಗ ಮರಳಿ ಮಂಜೂರಾಗಲು ಮುಂದಿನ ಫೆಬ್ರವರಿಯವರೆಗೆ ಕಾಯಬೇಕಾಯಿತು, ಅಷ್ಟು ತಿಂಗಳು ಕೇಂದ್ರಗಳು ನಾಳೆಯ ಸಂಬಳ ಹೇಗೆಂದು ತಿಳಿಯದೆ ನಡೆದವು. ಬಡವರ ಆರೋಗ್ಯವನ್ನು ಹೀಗೆ ಕಂತುಕಂತಾಗಿ ನವೀಕರಿಸುವುದು ಅನ್ಯಾಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ೨೦೧೦ರ ಕಾಯಿದೆಯಂತೆ ಮೆಡಿಕೇಡನ್ನು ಹೆಚ್ಚು ಜನರಿಗೆ ವಿಸ್ತರಿಸಲು ನಿರಾಕರಿಸಿದ ರಾಜ್ಯಗಳಲ್ಲಿ ಮಿಸ್ಸಿಸಿಪ್ಪಿಯೂ ಒಂದು.

ಕೌಂಟ್ ಗಿಬ್ಸನ್ ಈಗಿಲ್ಲ. ಗೈಗರ್ ಅವರು ೨೦೨೦ರ ಡಿಸೆಂಬರಿನಲ್ಲಿ ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊಲಂಬಿಯಾ ಪಾಯಿಂಟಿನ ಕೇಂದ್ರಕ್ಕೆ ಅವರಿಬ್ಬರ ಹೆಸರನ್ನೂ ಇಟ್ಟಿದ್ದಾರೆ. ಮೌಂಡ್ ಬಾಯೂವಿನ ಕೇಂದ್ರವು ಡೆಲ್ಟಾ ಹೆಲ್ತ್ ಸೆಂಟರ್ ಎಂಬ ಹೆಸರಿನಲ್ಲಿ ಇಂದಿಗೂ ತೆರೆದಿದೆ. ಅದರ ಆಡಳಿತ ಮಂಡಲಿಯಲ್ಲಿ ಬಹುಮತ ಇಂದಿಗೂ ರೋಗಿಗಳದೇ.