ಶಬ್ದದ ಕಣ್ಣಿಗೆ ಕಂಡ ಶಿಶು

ಬಾವಿಯೊಳಕ್ಕೆ ಬಾಗಿ ಕೂಗಿದರೆ ನಮ್ಮ ಕೂಗು ಮರುದನಿಯಾಗಿ ನಮಗೇ ಹಿಂದಿರುಗುವುದಷ್ಟೆ. ಅದು ಹೋಗಿಬರಲು ಹಿಡಿದ ಕಾಲವನ್ನು ಅಳೆದರೆ ನೀರು ಎಷ್ಟು ಆಳದಲ್ಲಿದೆಯೆಂದು ಲೆಕ್ಕ ಹಾಕಬಹುದು. ಗರ್ಭದಲ್ಲಿರುವ ಶಿಶುವನ್ನು ಕಾಣಲು ವೈದ್ಯರು ಬಳಸುವುದೂ ಇದೇ ತತ್ತ್ವವನ್ನು.

ಸೆಕೆಂಡಿಗೆ ಸುಮಾರು 20,000ಕ್ಕೆ ಮೀರಿದ ಕಂಪನಗಳುಳ್ಳ ಶಬ್ದ ನಮ್ಮ ಕಿವಿಗೆ ಕೇಳಿಸದು. ಗರ್ಭ ಪರೀಕ್ಷೆಯ ಶ್ರವಣಾತೀತ ಶಬ್ದದಲ್ಲಾದರೋ ಸೆಕೆಂಡಿಗೆ ಹಲವು ದಶಲಕ್ಷ ಕಂಪನಗಳಿರುತ್ತವೆ. ಕಂಪನಗಳು ಹೆಚ್ಚಿದಷ್ಟೂ ಅಲೆಯ ಉದ್ದ ಕಡಿಮೆಯಾಗುತ್ತದೆ. ಅಲೆ ಕಿರಿದಾದಷ್ಟೂ ಸೂಕ್ಷ್ಮ ವಿವರಗಳು ಗೋಚರಿಸುತ್ತವೆ. ದೇಹದ ಮೃದು ಅಂಗಾಂಶಗಳಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,540 ಮೀಟರು. ಆದುದರಿಂದ 35 ಲಕ್ಷ ಕಂಪನಗಳ ಶಬ್ದದ ಅಲೆಯುದ್ದ ಅರ್ಧ ಮಿಲಿಮೀಟರಿಗೂ ಕಡಿಮೆ. 10 ಸೆಂಟಿಮೀಟರು ಆಳದಿಂದ ಮರುದನಿ ಹಿಂದಿರುಗಲು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 130 ಭಾಗ ಸಾಕು. ಇಂಥ ಅಸಂಖ್ಯ ಮರುದನಿಗಳನ್ನು ಜೋಡಿಸಿ ಯಂತ್ರವು ಚಿತ್ರವನ್ನು ರಚಿಸುತ್ತದೆ.

ಲೋಹದೊಳಗಣ ಬಿರುಕುಗಳನ್ನು ಪತ್ತೆಮಾಡುತ್ತಿದ್ದ ಈ ವಿಧಾನವನ್ನು ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಅವರ ಸಂಗಡಿಗರು ಉದರ ಪರೀಕ್ಷೆಗೆ ಅಳವಡಿಸಿ, 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವಿವರಿಸಿದರು. ಶಿಶುವಿನ ಬೆಳವಣಿಗೆ, ಅವಳಿಗಳ ಇರವು, ಮಾಸಿನ ಸ್ಥಾನ, ಬೆನ್ನುಹುರಿಯ ನ್ಯೂನತೆ ಇವನ್ನೆಲ್ಲ ಹೆರಿಗೆಗೆ ಮುನ್ನವೇ ತಿಳಿಯುವಂತಾಗಿ ಎಷ್ಟೋ ತಾಯಂದಿರ ಜೀವ ಉಳಿದಿದೆ.

ಆದರೆ ಅದೇ ಚಿತ್ರದಲ್ಲಿ ಶಿಶು ಗಂಡೋ ಹೆಣ್ಣೋ ಎಂಬುದೂ ಕಾಣುತ್ತದೆ. ಹೆಣ್ಣಾಗಿರುವುದು ರೋಗವಲ್ಲ, ಆದರೂ ಅದನ್ನೇ ಕಾರಣವಾಗಿಟ್ಟುಕೊಂಡು ಗರ್ಭವನ್ನು ತೆಗೆಸುವ ದುರಾಚಾರ ನಮ್ಮ ದೇಶದಲ್ಲಿ ಹಬ್ಬಿತು. ಆರು ವರ್ಷದವರೆಗಿನ ಮಕ್ಕಳಲ್ಲಿ 1,000 ಗಂಡುಮಕ್ಕಳಿಗೆ 1991ರ ಜನಗಣತಿಯಲ್ಲಿ 945 ಹೆಣ್ಣುಮಕ್ಕಳಿದ್ದರೆ, 2001ರಲ್ಲಿ 927 ಮಾತ್ರ ಇದ್ದರು. 1994ರಲ್ಲಿ ರಚಿತವಾಗಿ 1996ರಲ್ಲಿ ಜಾರಿಗೆ ಬಂದ ಶಾಸನವು ಶಿಶುವಿನ ಲಿಂಗವನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಇನ್ನಾವ ಬಗೆಯಿಂದಾಗಲಿ ತಿಳಿಸುವುದನ್ನು ನಿಷೇಧಿಸಿದೆ. ನ್ಯೂನತೆಗಳನ್ನು ಕಂಡುಹಿಡಿಯುವ ಪರೀಕ್ಷೆಗೆ ಅದು ಅಡ್ಡಿ ಮಾಡುವುದಿಲ್ಲ.

ಇಲ್ಲಿಗೆ ಪ್ರಶ್ನೆ ಮುಗಿಯಿತೆ? ಇಲ್ಲ. ನಿಜವಾಗಿಯೂ ನ್ಯೂನತೆ ಕಂಡಾಗ ತಂದೆತಾಯಿಗಳು ಏನು ಮಾಡಬೇಕು? ಬದುಕಿಗೇ ಎರವಾಗುವ ನ್ಯೂನತೆಯೂ, ನೆರವಿದ್ದರೆ ನೆಮ್ಮದಿಯಿಂದ ಬಾಳಬಹುದಾದ ನ್ಯೂನತೆಯೂ ಒಂದೇ ಅಲ್ಲ. ಇವುಗಳ ನಡುವೆ ಗೆರೆ ಎಳೆಯುವುದು ಸುಲಭವೂ ಅಲ್ಲ.

ಯಂತ್ರ ಅಳೆಯುವುದು ಕಾಲವನ್ನು. ಅದರಿಂದ ದೊರೆಯುವುದು ದೂರ. ಜೀವದ ಬೆಲೆಯನ್ನು ಅಳೆಯುವ ಕೆಲಸವನ್ನು ನಾವು ಅದಕ್ಕೆ ವಹಿಸಲಾಗದು. ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಉಪಕರಣದ ತತ್ತ್ವವನ್ನು ಕಲಿಯುವಾಗಲೇ, ಅದನ್ನು ಯಾವ ಪ್ರಶ್ನೆಗೆ ಬಳಸಬೇಕು, ಯಾವುದಕ್ಕೆ ಬಳಸಬಾರದು ಎಂಬುದನ್ನೂ ಕಲಿಯಬೇಕಾಗಿದೆ.