ಟೊಮೆಟೊ ಗಿಡಕ್ಕೆ ಗೊಬ್ಬರಕ್ಕಿಂತ ಮೊದಲು ನೀರು

ತಾರಸಿಯ ಮೇಲೆ, ಬಾಲ್ಕನಿಯಲ್ಲಿ ಟೊಮೆಟೊ ಬೆಳೆಸುವವರ ಬಾಯಲ್ಲಿ ಕೇಳಿಬರುವ ದೂರುಗಳು ಮುಖ್ಯವಾಗಿ ಎರಡು. ಗಿಡ ಆಳೆತ್ತರ ಬೆಳೆದು ಹಚ್ಚಗೆ ಹಬ್ಬಿದೆ, ಆದರೆ ಕಾಯಿ ಕಚ್ಚುತ್ತಿಲ್ಲ ಎಂಬುದು ಒಂದು. ಕಾಯಿ ಕಚ್ಚಿದೆ, ಆದರೆ ದಪ್ಪವಾಗುವ ಹೊತ್ತಿಗೆ ಬುಡದ ಕಡೆ ಕಪ್ಪಾಗಿ ಕುಳಿ ಬೀಳುತ್ತಿದೆ ಎಂಬುದು ಇನ್ನೊಂದು. ಎರಡಕ್ಕೂ ಸಿಗುವ ಸಲಹೆ ಮಾತ್ರ ಒಂದೇ ಜಾತಿಯದು: ಇನ್ನೇನಾದರೂ ಹಾಕಿ. ಮೊಟ್ಟೆಯ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಹುಳಿ ಮಜ್ಜಿಗೆ, ಎಪ್ಸಮ್ ಉಪ್ಪು, ಮತ್ತೊಂದು ಹಿಡಿ ಹಿಂಡಿ. ಕುಂಡದಲ್ಲಿ ಏನೋ ಕೊರತೆಯಿದೆ ಎಂದು ಈ ಸಲಹೆಗಳೆಲ್ಲ ಮೊದಲೇ ತೀರ್ಮಾನಿಸಿಬಿಟ್ಟಿರುತ್ತವೆ. ಬಹುಪಾಲು ಮನೆಗಳಲ್ಲಿ ಆ ತೀರ್ಮಾನವೇ ತಪ್ಪು. ಇರುವುದು ಸಾಲದು ಎಂಬುದಕ್ಕಿಂತ, ಇರುವುದು ಗಿಡಕ್ಕೆ ಮುಟ್ಟುತ್ತಿಲ್ಲ ಅಥವಾ ಬೇಡದ ಹೊತ್ತಿನಲ್ಲಿ ಮುಟ್ಟುತ್ತಿದೆ ಎಂಬುದೇ ಹೆಚ್ಚು ನಿಜ.

ಕಪ್ಪು ಬುಡದ ಕಾಯಿಯನ್ನೇ ಮೊದಲು ನೋಡೋಣ. ಇದು ಶಿಲೀಂಧ್ರದಿಂದಲೋ ಹುಳುವಿನಿಂದಲೋ ಬರುವ ರೋಗವಲ್ಲ. ಕಾಯಿಯ ಆ ಭಾಗಕ್ಕೆ ಕ್ಯಾಲ್ಸಿಯಂ ಸಾಲದೆ ಅಲ್ಲಿನ ಜೀವಕೋಶಗಳು ಕುಸಿದಿರುತ್ತವೆ. ಇಲ್ಲಿಯವರೆಗೆ ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಕಾಯಿಗೆ ಸಾಲದಾಯಿತು ಎಂದರೆ ಮಣ್ಣಿನಲ್ಲೂ ಇಲ್ಲ ಎಂದರ್ಥವಲ್ಲ. ಕ್ಯಾಲ್ಸಿಯಂ ಗಿಡದೊಳಗೆ ಸಾಗುವುದು ಬೇರು ಹೀರಿದ ನೀರಿನ ಜೊತೆಗೆ ಮಾತ್ರ. ಎಲೆಗಳು ಬಿಸಿಲಿಗೆ ನೀರನ್ನು ಆವಿಯಾಗಿ ಬಿಡುತ್ತಲೇ ಇರುವುದರಿಂದ ನೀರಿನ ಹರಿವು ಅವುಗಳ ಕಡೆಗೇ ಹೆಚ್ಚು. ನುಣುಪಾದ ಸಿಪ್ಪೆಯ ಕಾಯಿ ಹೆಚ್ಚೇನೂ ಆವಿ ಬಿಡುವುದಿಲ್ಲ, ಹಾಗಾಗಿ ಅದರ ಪಾಲಿಗೆ ಬರುವ ನೀರೂ ಕಡಿಮೆ, ಕ್ಯಾಲ್ಸಿಯಂ ಕೂಡ ಕಡಿಮೆ. ತೊಟ್ಟಿನಿಂದ ಅತಿ ದೂರದ ತುದಿಗೆ ಎಲ್ಲಕ್ಕಿಂತ ಕಡಿಮೆ. ಒಮ್ಮೆ ಎಲೆ ಸೇರಿದ ಕ್ಯಾಲ್ಸಿಯಂ ಸಾರಜನಕದ ಹಾಗೆ ಅಲ್ಲಿಂದ ಹೊರಟು ಕಾಯಿಗೆ ಬರುವುದೂ ಇಲ್ಲ. ಕಾಯಿ ಕಚ್ಚಿದ ಮೊದಲ ಎರಡು ವಾರ, ಅಂದರೆ ಅದು ವೇಗವಾಗಿ ಹಿಗ್ಗುವ ದಿನಗಳಲ್ಲಿ, ಕುಂಡ ಒಂದು ದಿನ ಕಾದು ಒಣಗಿ ಮರುದಿನ ಕೆಸರಾದರೆ ಈ ಸಣ್ಣ ಹರಿವೂ ಕಡಿಯುತ್ತದೆ. ಕಪ್ಪು ಕಲೆ ಕಣ್ಣಿಗೆ ಬೀಳುವುದು ಆಮೇಲೆ. ಹಾನಿ ಆಗಿದ್ದು ಎಂದೋ.

ಹಾಗಾದರೆ ಮೊಟ್ಟೆಯ ಸಿಪ್ಪೆ ಹಾಕಿದವರ ಗಿಡ ಸರಿಹೋದದ್ದು ಸುಳ್ಳೇ ಎಂದು ಯಾರಾದರೂ ಕೇಳಬಹುದು. ಸುಳ್ಳಲ್ಲ, ಆದರೆ ಸಾಕ್ಷ್ಯವೂ ಅಲ್ಲ. ಈ ತೊಂದರೆ ಹೆಚ್ಚಾಗಿ ಕಾಣುವುದು ಮೊದಲ ಗೊಂಚಲುಗಳಲ್ಲಿ. ಬೇರು ಹರಡಿ, ಗಿಡದ ಬೆಳವಣಿಗೆಯ ಅಬ್ಬರ ತಗ್ಗಿದ ಮೇಲೆ ಮುಂದಿನ ಗೊಂಚಲುಗಳು ಎಷ್ಟೋ ಸಲ ತಾವಾಗಿಯೇ ಚೆನ್ನಾಗಿ ಬರುತ್ತವೆ. ಆ ನಡುವೆ ಏನು ಹಾಕಿದ್ದರೂ ಕೀರ್ತಿ ಅದಕ್ಕೇ. ಸಿಪ್ಪೆಯಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ಗುಣದ ಮಣ್ಣಿನಲ್ಲಿ ಅದು ನಿಧಾನವಾಗಿ ಕರಗುತ್ತದೆ, ಇಲ್ಲದಿದ್ದರೆ ಒಂದು ಬೆಳೆ ಮುಗಿದರೂ ಚೂರು ಚೂರಾಗಿ ಹಾಗೆಯೇ ಬಿದ್ದಿರುತ್ತದೆ. ಇನ್ನು ಬಯಲುಸೀಮೆಯ ಬೋರ್‌ವೆಲ್ ನೀರು ಹಾಯಿಸುವವರು ಕ್ಯಾಲ್ಸಿಯಂಗಾಗಿ ಹುಡುಕಾಡುವುದು ಸ್ವಲ್ಪ ತಮಾಷೆಯ ಸಂಗತಿಯೇ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಬ್ಯೂರೋ ಒಪ್ಪಿದ ಮಿತಿ ಲೀಟರಿಗೆ 200 ಮಿಲಿಗ್ರಾಂ; ಅದನ್ನು ದಾಟಿದ ಬೋರ್‌ವೆಲ್‌ಗಳು ನಮ್ಮಲ್ಲಿ ಬೇಕಾದಷ್ಟಿವೆ. ಸ್ನಾನದ ಬಕೆಟ್ಟಿನ ಮೇಲೆ ಬಿಳಿ ಪೊರೆ ಕಟ್ಟುವ ಊರಲ್ಲಿ ಗಿಡಕ್ಕೆ ದಿನಾ ಬೀಳುವ ನೀರಲ್ಲೇ ಸುಣ್ಣವಿದೆ. ಎಪ್ಸಮ್ ಉಪ್ಪಿನ ಕಥೆ ಇನ್ನೂ ವಿಚಿತ್ರ. ಅದು ಮೆಗ್ನೀಸಿಯಂ ಸಲ್ಫೇಟ್. ಬೇರಿನ ಬಾಗಿಲಲ್ಲಿ ಮೆಗ್ನೀಸಿಯಂ, ಪೊಟ್ಯಾಷ್, ಅಮೋನಿಯಾ ರೂಪದ ಸಾರಜನಕ ಇವೆಲ್ಲ ಕ್ಯಾಲ್ಸಿಯಂ ಜೊತೆ ಪೈಪೋಟಿಗೆ ನಿಲ್ಲುತ್ತವೆ. ಕಪ್ಪು ಬುಡಕ್ಕೆ ಮದ್ದೆಂದು ಅದನ್ನು ಸುರಿದರೆ ತೊಂದರೆಗೇ ಊಟ ಹಾಕಿದಂತೆ. ಎಲೆಯ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗಿದ್ದರೆ, ಅದೂ ಕೆಳಗಿನ ಎಲೆಗಳಲ್ಲಿ, ಮಾತ್ರ ಅದರ ಕೆಲಸ.

ಆದ್ದರಿಂದ ಟೊಮೆಟೊಗೆ ಊಟ ಹಾಕುವುದು ಶುರುವಾಗುವುದು ಗೊಬ್ಬರದ ಚೀಲದಿಂದಲ್ಲ, ಕುಂಡದ ಗಾತ್ರದಿಂದ. ಹೂವಿನ ಗಿಡದ ಪುಟ್ಟ ಕುಂಡದಲ್ಲಿ ಟೊಮೆಟೊ ನೆಟ್ಟರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಅದು ಎರಡು ಸಲ ಬಾಡುತ್ತದೆ. ಒಂದು ಗಿಡಕ್ಕೆ 15ರಿಂದ 20 ಲೀಟರ್ ಮಣ್ಣು ಹಿಡಿಯುವ ಕುಂಡ ಅಥವಾ ಗ್ರೋಬ್ಯಾಗ್ ಬೇಕು. ಹಳೆಯ ಪೇಂಟ್ ಬಕೆಟ್ಟಿಗೆ ಅಡಿಯಲ್ಲಿ ತೂತು ಕೊರೆದರೂ ಆಯಿತು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್, ತೇವ ಹಿಡಿದಿಡಲು ಸ್ವಲ್ಪ ಕೋಕೋಪೀಟ್. ತೊಳೆಯದ ಕೋಕೋಪೀಟ್‌ನಲ್ಲಿ ಉಪ್ಪಿನಂಶವಿರುತ್ತದೆ, ಎರಡು ಮೂರು ಸಲ ನೀರು ಬದಲಿಸಿ ನೆನೆಸಿ ಹಿಂಡುವುದು ಒಳ್ಳೆಯದು. ಮಣ್ಣಿನ ಮೇಲೆ ಒಣ ಎಲೆಯನ್ನೋ ಹುಲ್ಲನ್ನೋ ಎರಡು ಬೆರಳು ದಪ್ಪ ಹೊದಿಸಿದರೆ ತೇವ ಏರಿಳಿಯುವುದು ತಗ್ಗುತ್ತದೆ. ಬೆರಳು ಒಂದು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಅಡಿಯ ತೂತಿನಿಂದ ಹೊರಬರುವಷ್ಟು ನೀರು ಹಾಕುವುದು, ಹಸಿಯಿದ್ದರೆ ಸುಮ್ಮನಿರುವುದು. ಇಷ್ಟನ್ನು ತಪ್ಪದೆ ಮಾಡಿದರೆ ಮೇಲೆ ಹೇಳಿದ ಉಪಚಾರಗಳ ಪೈಕಿ ಅರ್ಧದಷ್ಟರ ಅಗತ್ಯವೇ ಬೀಳದು.

ಹಬ್ಬಿದರೂ ಕಾಯಿ ಬಿಡದ ಗಿಡದ ವಿಷಯ ಬೇರೆ. ಅಲ್ಲಿ ಸಮಸ್ಯೆ ಹಸಿವಲ್ಲ, ಅಜೀರ್ಣ. ಸಾರಜನಕ ಧಾರಾಳವಾಗಿ ಸಿಕ್ಕಾಗ ಟೊಮೆಟೊ ಎಲೆ, ಕಾಂಡ ಬೆಳೆಸುವುದರಲ್ಲೇ ಮೈಮರೆಯುತ್ತದೆ. ಕಡಲೆಕಾಯಿ ಹಿಂಡಿಯಲ್ಲಿ ಶೇ. 7ರ ಆಸುಪಾಸು ಸಾರಜನಕವಿದೆ, ಬೇವಿನ ಹಿಂಡಿಯಲ್ಲಿ ಸುಮಾರು ಶೇ. 5, ಎರೆಗೊಬ್ಬರದಲ್ಲಿ ಸಾಮಾನ್ಯವಾಗಿ ಶೇ. 1ರಿಂದ 2. ವಾರಕ್ಕೊಮ್ಮೆ ಹಿಂಡಿ ನೆನೆಸಿದ ನೀರು ಸುರಿಯುವವರು ಸಾವಯವ ಹೆಸರಿನಲ್ಲಿ ಯೂರಿಯಾದ ಕೆಲಸವನ್ನೇ ಮಾಡುತ್ತಿರುತ್ತಾರೆ. ನಾಟಿ ಮಾಡಿದ ಮೊದಲ ತಿಂಗಳು ಮಣ್ಣಿಗೆ ಬೆರೆಸಿದ ಗೊಬ್ಬರವೇ ಸಾಕು. ಹೂವು ಕಂಡ ಮೇಲೆ ಪೊಟ್ಯಾಷ್ ಹೆಚ್ಚಿರುವ ಆಹಾರಕ್ಕೆ ಬದಲಾಗಬೇಕು: ಎರಡು ವಾರಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ, ಜೊತೆಗೆ ಒಂದು ಚಮಚ ಸೌದೆ ಬೂದಿ. ನೀರು ಗಡಸಾಗಿದ್ದರೆ ಬೂದಿ ಬೇಡ, ಅದು ಮಣ್ಣಿನ ಕ್ಷಾರ ಹೆಚ್ಚಿಸುತ್ತದೆ. ನೀರಿನಲ್ಲಿ ಕರಗುವ ಪೊಟ್ಯಾಷ್ ಗೊಬ್ಬರವನ್ನು ಲೀಟರಿಗೆ ಒಂದೆರಡು ಗ್ರಾಂನಂತೆ ಕೊಡಬಹುದು. ಹೂವು ಉದುರುವುದಕ್ಕೆಲ್ಲ ಗೊಬ್ಬರವನ್ನು ದೂರುವುದೂ ನ್ಯಾಯವಲ್ಲ. ಹಗಲು 35 ಡಿಗ್ರಿ ಮೀರಿದರೆ, ರಾತ್ರಿ 24 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಪರಾಗ ಬಲಹೀನವಾಗುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಏನು ಹಾಕಿದರೂ ಹೂವು ನಿಲ್ಲುವುದು ಕಷ್ಟ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇದ್ದರೂ ಪರಾಗ ಉದುರಲು ಅಲುಗಾಟ ಬೇಕು. ಬಯಲಿನಲ್ಲಿ ಗಾಳಿ ಆ ಕೆಲಸ ಮಾಡುತ್ತದೆ, ಹೂವನ್ನು ಹಿಡಿದು ಮೈ ಕಂಪಿಸುವ ನೀಲಿಪಟ್ಟೆಯ ಜೇನಿನಂಥ ಕಾಡುದುಂಬಿಗಳು ಇನ್ನೂ ಚೆನ್ನಾಗಿ ಮಾಡುತ್ತವೆ. ಮುಚ್ಚಿದ ಬಾಲ್ಕನಿಯಲ್ಲಿ ಬೆಳಗಿನ ಹತ್ತರ ಹೊತ್ತಿಗೆ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಬೇಕು.

ಅಜ್ಜಿಯ ಕಾಲದಲ್ಲಿ ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಹುಟ್ಟಿದ ಗಿಡ ಬುಟ್ಟಿಗಟ್ಟಲೆ ಕೊಡುತ್ತಿತ್ತು, ಅದಕ್ಕೆ ಯಾರು ಲೆಕ್ಕ ಹಾಕಿದ್ದರು ಎಂಬ ಮಾತು ಬಂದೇ ಬರುತ್ತದೆ. ಆ ಗಿಡವೇ ಈ ವಾದಕ್ಕೆ ಒಳ್ಳೆಯ ಪುರಾವೆ. ಅದಕ್ಕೆ ಗೊಬ್ಬರ ಹಾಕಿದವರಿಲ್ಲ, ಆದರೆ ನೀರು ದಿನವೂ ತಪ್ಪದೆ ಹರಿಯುತ್ತಿತ್ತು, ಬೇರಿಗೆ ಹೋದಷ್ಟೂ ನೆಲವಿತ್ತು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕೋಲಾರದ ಕಡೆಯಿಂದ ಬರಬಹುದು. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದನ್ನು ನಡೆಸುವ ಆ ಜಿಲ್ಲೆಯ ರೈತರು ಗೊಬ್ಬರಕ್ಕೆ ಕೈಬಿಚ್ಚಿ ಖರ್ಚು ಮಾಡುತ್ತಾರಲ್ಲ? ಮಾಡುತ್ತಾರೆ. ಆದರೆ ಹೇಗೆ ಕೊಡುತ್ತಾರೆ ಎಂಬುದನ್ನೂ ನೋಡಬೇಕು. ಮಲ್ಚಿಂಗ್ ಹಾಳೆಯ ಕೆಳಗೆ ಡ್ರಿಪ್ ಪೈಪು ಎಳೆದು, ಗೊಬ್ಬರವನ್ನು ನೀರಿನಲ್ಲೇ ಕರಗಿಸಿ, ಬೆಳೆಯ ಹಂತ ನೋಡಿ ಕಂತು ಕಂತಾಗಿ ಬಿಡುತ್ತಾರೆ. ತೇವ ಏರಿಳಿಯದ ಮಣ್ಣು, ಸ್ವಲ್ಪ ಸ್ವಲ್ಪವಾಗಿ ಸಿಗುವ ಆಹಾರ. ತಾರಸಿಯವರು ಅವರಿಂದ ಕಲಿಯಬೇಕಾದದ್ದು ಪ್ರಮಾಣವನ್ನಲ್ಲ, ಈ ಕ್ರಮವನ್ನು. ಎಕರೆಗೆ ಹೇಳಿದ ಲೆಕ್ಕವನ್ನು ಕುಂಡಕ್ಕೆ ತಂದರೆ ಉಪ್ಪು ಕಟ್ಟಿ ಎಲೆಯಂಚು ಸುಡುತ್ತದೆ. ಮಣ್ಣಿನ ಮೇಲೆ ಬಿಳಿ ಪದರ ಕಂಡರೆ ಗೊಬ್ಬರ ನಿಲ್ಲಿಸಿ, ಬರೀ ನೀರು ಧಾರಾಳವಾಗಿ ಹರಿಸಿ ತೊಳೆಯಬೇಕು.

ಊಟದಿಂದ ಗುಣವಾಗದ ತೊಂದರೆಗಳೂ ಇವೆ. ಚಿಗುರೆಲೆ ಚಿಕ್ಕದಾಗಿ, ಮೇಲ್ಮುಖವಾಗಿ ಮುದುರಿ, ಗಿಡ ಕುಳ್ಳಾಗಿ ನಿಂತರೆ ಅದು ಬಿಳಿನೊಣ ಹರಡಿದ ಎಲೆ ಮುದುರು ವೈರಸ್. ಅಂಥ ಗಿಡಕ್ಕೆ ಜೀವಾಮೃತ ಹೊಯ್ದರೂ ಕ್ಯಾಲ್ಸಿಯಂ ನೈಟ್ರೇಟ್ ಹೊಯ್ದರೂ ಒಂದೇ. ಪಕ್ಕದ ಗಿಡ ಉಳಿಯಬೇಕಾದರೆ ಕಿತ್ತು ಹಾಕುವುದೇ ದಾರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ರಕ್ಷಕ್ ಈ ವೈರಸ್ಸನ್ನೂ, ದುಂಡಾಣು ಸೊರಗು ರೋಗವನ್ನೂ, ಎಲೆಚುಕ್ಕೆ ತರುವ ಅಂಗಮಾರಿಯನ್ನೂ ತಡೆದುಕೊಳ್ಳುವ ತಳಿ. ಅದು ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಕೂಡಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಕರಾವಳಿ, ಮಲೆನಾಡಿನ ತೇವದ ಹುಳಿ ಮಣ್ಣಿನಲ್ಲಿ ಸೊರಗು ರೋಗ ಹೆಚ್ಚು. ಹಚ್ಚಗಿದ್ದ ಗಿಡ ಒಂದೆರಡು ದಿನದಲ್ಲಿ ಜೋತುಬಿದ್ದಾಗ ನೀರು ಸಾಲದೆಂದು ಇನ್ನಷ್ಟು ಸುರಿಯುವವರೇ ಅಲ್ಲಿ ಜಾಸ್ತಿ. ಬೆಳೆ ಮುಗಿದ ಕುಂಡದ ಮಣ್ಣಿಗೆ ಮತ್ತೆ ಟೊಮೆಟೊ ಬೇಡ, ಅದೇ ಕುಟುಂಬದ ಬದನೆ, ಮೆಣಸಿನಕಾಯಿ, ಆಲೂಗಡ್ಡೆಯೂ ಬೇಡ. ಒಂದು ಸರದಿ ಹುರುಳಿಕಾಯಿಯನ್ನೋ ಮೆಂತ್ಯ ಸೊಪ್ಪನ್ನೋ ಹಾಕಿ, ಹೊಸ ಕಾಂಪೋಸ್ಟ್ ಬೆರೆಸಿದ ಮೇಲೆ ಟೊಮೆಟೊ ಸಸಿ ತರಬಹುದು.